ನಾಯಿಯ ಕಲೇಜಿ

ಗಂಗಾವತಿಯ ಸೈದಾನಬಿ ಹರೆಯದಿಂದಲೂ ಮಂದಿಯ ಮದುವೆಯಲ್ಲಿ ಮಾಂಸ ತೊಳೆದವಳು. ಗಂಡ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿ, ಚೀಲ ಹೊತ್ತು ಹೊತ್ತೇ ಸತ್ತ. ಅದೇ ಗಿರಣಿ ಸಾಹುಕಾರನ ಮನೆಯ ಅಂಗಳ ಗುಡಿಸುವ ಕೆಲಸ ಇವಳ ಪಾಲಿಗೆ ಬಂತು.

ಆ ಮನೆಯಲ್ಲಿ ಮೊಟ್ಟೆಯೂ ಹೊಸ್ತಿಲು ದಾಟುವಂತಿರಲಿಲ್ಲ. ಆದರೆ ಸಾಹುಕಾರನ ಸೊಸೆ ನೇತ್ರಾವತಿ ಸಾಕಿದ ಟೈಗರ್ ಎಂಬ ನಾಯಿಗೆ ಕೂದಲು ಉದುರತೊಡಗಿದಾಗ, ಹಸಿ ಮಾಂಸ ತಿನ್ನಿಸಬೇಕೆಂದು ಆಕೆ ಫೋನಿನಲ್ಲಿ ನೋಡಿ ಸೈದಾನಬಿಯನ್ನು ಕರೆದಳು.

“ಒಮ್ಮೆಲೇ ಹಾಕಿದ್ರ ಹೊಟ್ಟಿ ಕೆಡ್ತೈತಿ. ದಿನಾ ಚೂರು ಚೂರು ಮಾಂಸ ಹೆಚ್ಚು ಮಾಡು, ನಾ ಹಾಲು-ಅನ್ನ ಕಡಿಮಿ ಮಾಡ್ತೀನಿ. ಹಿತ್ತಲದಾಗ ತಿನಿಸು. ನಮ್ಮ ಕಣ್ಣಿಗೆ ಬೀಳಬಾರದು.”

“ಆತ್ರಿ ಅವ್ವಾರ.”

ಮಾಂಸದ ಅಂಗಡಿಯ ಖಾಜಾಸಾಬ ಕುರಿಯ ಲಿವರು, ಅಂದರೆ ಕಲೇಜಿ, ಕೊಯ್ಯುತ್ತ ನಕ್ಕ. “ಮಂದಿ ಬಕ್ರೀದ್ ಹಬ್ಬ ಕಾಯ್ತಾರ. ನಿನ್ನ ನಾಯಿಗೆ ದಿನಾ ಬಕ್ರೀದ್, ಬಿಡು.”

ಸೈದಾನಬಿ ನಗಲಿಲ್ಲ. ಹೆರಿಗೆಗೆ ಬಂದು ಹಡೆದ ಮಗಳು ಸಬೀನಾ ಮನೆಯಲ್ಲಿ ರಕ್ತವಿಲ್ಲದೆ ಬಿಳಿಚಿಕೊಂಡು ಬಿದ್ದಿದ್ದಳು. ಮೊಲೆಯಲ್ಲಿ ಹಾಲಿಲ್ಲ. ಬಾಣಂತಿಗೆ ಕಲೇಜಿ ತಿನ್ನಿಸಿರಿ ಎಂದು ಓಣಿಯೆಲ್ಲ ಹೇಳುತ್ತಿತ್ತು. ತಂದುಕೊಡುವವರು ಯಾರೂ ಇರಲಿಲ್ಲ.

ನಾಯಿಯ ತಾಟಿನೊಳಗೆ ಇಣುಕಿದರೂ ಮೈಲಿಗೆಯಾಗುವ ಮನೆ ಸಾಹುಕಾರನದು, ಯಾರೂ ನೋಡಲು ಬರುತ್ತಿರಲಿಲ್ಲ. ಸೈದಾನಬಿ ಎರಡು ಚೂರು ನಾಯಿಗೆ ಎಸೆದು, ಉಳಿದದ್ದನ್ನು ಕ್ಯಾರಿಬ್ಯಾಗಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದಳು. ಸಬೀನಾಳ ಮುಖಕ್ಕೆ ಬಣ್ಣ ಬಂತು. ಕೂಸು ಹೊಟ್ಟೆತುಂಬ ಕುಡಿದು ನಿದ್ದೆ ಮಾಡಿತು.

ಅತ್ತ ನಾಯಿಗೆ ಅನ್ನವೂ ಇಳಿಯಿತು, ಮಾಂಸವೂ ಏರಲಿಲ್ಲ. ರುಚಿ ಮಾತ್ರ ಹತ್ತಿತು. ಸೈದಾನಬಿಯನ್ನು ಕಂಡರೆ ಜೊಲ್ಲು ಸುರಿಸಿ ಸರಪಳಿ ಜಗ್ಗುತ್ತಿತ್ತು. “ಸಾಯಿ ಮೂಳ, ನೀ ಏನು ಹಡದೀಯೇನು?” ಎಂದು ಅವಳು ಕಸಬರಿಗೆಯಿಂದ ಮೂತಿಗೆ ಬಾರಿಸುತ್ತಿದ್ದಳು. ಪಕ್ಕೆಲುಬು ಎದ್ದ ನಾಯಿಯನ್ನು ನೋಡಿ ನೇತ್ರಾವತಿ, “ಬೊಜ್ಜು ಇಳೀತು, ಛಲೋ ಆತು” ಎಂದಳು.

ಒಂದು ಮುಂಜಾನೆ ನೇತ್ರಾವತಿ ತಿರುಗಾಡಿಸಲೆಂದು ಸರಪಳಿ ಬಿಚ್ಚಿದಳು. ಮನೆಗೆ ಹೊರಟಿದ್ದ ಸೈದಾನಬಿ ಗೇಟಿನ ಹತ್ತಿರವಿದ್ದಳು. ನಾಯಿ ನೇರ ಅವಳ ಸೊಂಟಕ್ಕೆ ಬಾಯಿ ಹಾಕಿತು. ಅಡ್ಡ ಹಿಡಿದ ಬಲಗೈ ಹರಿಯಿತು. ಕ್ಯಾರಿಬ್ಯಾಗು ಒಡೆದು ಕಲೇಜಿ ರಂಗೋಲಿಯ ಮೇಲೆ ಬಿತ್ತು.

ನೇತ್ರಾವತಿ ಸರಪಳಿ ಜಗ್ಗಿ ನಾಯಿಯನ್ನು ಕಂಬಕ್ಕೆ ಕಟ್ಟಿ, ಮೂಗಿಗೆ ಸೆರಗು ಹಿಡಿದಳು.

“ಎತ್ತಿ ತಾಟಿಗೆ ಹಾಕು. ಅದನ್ನ ಇಲ್ಲಿ ಬ್ಯಾರೆ ಯಾರೂ ಮುಟ್ಟಂಗಿಲ್ಲ.”

“ಕೈ ಹರದೈತ್ರಿ ಅವ್ವಾರ. ದವಾಖಾನಿಗೆ ಹೋಗಿ ಸೂಜಿ ಹಾಕಿಸ್ಕೊಂಡು ಬರ್ತೀನ್ರಿ.”

“ಇನ್ನೊಂದು ಕೈ ಐತಲ್ಲ.”

“ಮಗಳು ಬಾಣಂತಿ ಅದಾಳ್ರಿ…”

“ನಿನ್ನ ಮಗಳನ್ನ ಸಾಕಾಕ ನಾ ನಾಯಿ ಸಾಕೀನೇನು?”

ಸೈದಾನಬಿ ಎಡಗೈಯಿಂದ ಆರಿಸಿದಳು. ಬಲಗೈಯ ರಕ್ತ ತಾಟಿಗೂ ತೊಟ್ಟಿಕ್ಕಿತು. ನಾಯಿ ಭೇದ ಮಾಡಲಿಲ್ಲ.

ಕೆಲಸದಿಂದ ತೆಗೆಯಲಿಲ್ಲ, ತೆಗೆದರೆ ಮಾಂಸ ಮುಟ್ಟುವವರಾರು? ಮರುದಿನದಿಂದ ನೇತ್ರಾವತಿ ಮೈಲಿಗೆ ಮರೆತು ಹಿತ್ತಲಿನಲ್ಲೇ ಕುರ್ಚಿ ಹಾಕಿಕೊಂಡು ಕೂತಳು. ಸೈದಾನಬಿ ಪಟ್ಟಿ ಕಟ್ಟಿದ ಕೈಯಿಂದ ಕಲೇಜಿ ತುಂಡರಿಸಿ ನಾಯಿಯ ಬಾಯಿಗಿಟ್ಟಳು. ಅದರ ಮೈಮೇಲೆ ಹೊಸ ಕೂದಲು ಮಿರಿಮಿರಿ ಮಿಂಚತೊಡಗಿತು. ಮನೆಯಲ್ಲಿ ಕೂಸು ಒಣ ಮೊಲೆ ಚೀಪಿ ಚೀಪಿ ಅಳುವುದನ್ನೂ ಬಿಟ್ಟಿತು.