ಎರಡು ಸಲ ಚೆಲ್ಲಿದ ಚರಗ

ನಲವತ್ತೆರಡು ತುಂಬಿದ ಮೇಲೆ ನನಗೆ ಪಿಎಚ್.ಡಿ. ಮಾಡುವ ಹುಚ್ಚು ಹಿಡಿಯಿತು. ರಾಣೆಬೆನ್ನೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದೆ, ಮಕ್ಕಳಿಬ್ಬರೂ ಕಾಡದೆ ಓದಿಕೊಳ್ಳುತ್ತಾರೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ. ನಾನು ಡಾಕ್ಟರ್ ಆಗುವಷ್ಟರಲ್ಲಿ ನನಗೇ ಡಾಕ್ಟರ್ ಬೇಕಾಗುತ್ತಾನೆ ಎಂದು ನಮ್ಮ ಮನೆಯವರು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವರು ಹಾಗೆ ಅಂದ ದಿನ ಚಹಾಕ್ಕೆ ಸಕ್ಕರೆ ಹಾಕುತ್ತಿರಲಿಲ್ಲ.

ನನ್ನ ವಿಷಯ ಸೀಗೆ ಹುಣ್ಣಿಮೆಯ ಚರಗ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಆಚರಣೆ. ಆ ಹೊತ್ತಿಗೆ ಬೆಳೆ ಹೊಡೆ ತುಂಬಿರುತ್ತದೆ, ಭೂಮಿತಾಯಿ ಬಸುರಿ ಎನ್ನುತ್ತೇವೆ. ಬಸುರಿಗೆ ಬಯಕೆಯ ಊಟ ಬೇಡವೇ? ಕಡುಬು, ಹೋಳಿಗೆ, ಸಜ್ಜೆರೊಟ್ಟಿ, ಪುಂಡಿಪಲ್ಯ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಸಿ ಹೊಲದ ಸುತ್ತ ಚೆಲ್ಲಿಬರುತ್ತೇವೆ. ಹಾಗೆ ಚೆಲ್ಲುವ ಅನ್ನವೇ ಚರಗ. ಆಮೇಲೆ ಎಲ್ಲರೂ ಬದುವಿನ ಮೇಲೆ ಕೂತು ಹೊಟ್ಟೆ ಬಿರಿಯುವಂತೆ ಉಣ್ಣುತ್ತೇವೆ. ನಮ್ಮ ಹೊಲ ಹಲಗೇರಿಯಲ್ಲಿದೆ. ಮೈದುನ ನೋಡಿಕೊಳ್ಳುತ್ತಾನೆ. ಅತ್ತೆ ನಮ್ಮ ಜೊತೆ ರಾಣೆಬೆನ್ನೂರಿನಲ್ಲಿದ್ದರೂ ಚರಗ ಚೆಲ್ಲುವ ಕೈ ಅವರದೇ.

ನನ್ನ ಮಾರ್ಗದರ್ಶಕರು ಹಾವೇರಿಯಲ್ಲಿರುತ್ತಾರೆ. ಮೆತ್ತಗಿನ ಮನುಷ್ಯ, ಆದರೆ ಬಿಡುವವರಲ್ಲ. ಮೊದಲ ದಿನವೇ ನನ್ನ ನೋಟುಬುಕ್ಕಿನಲ್ಲಿ ಮೂರು ಅಂಕಣ ಗೀಚಿಕೊಟ್ಟರು. ಮೊದಲನೆಯದು ಆಚರಿಸುವವರು ಏನು ಮಾಡುತ್ತಾರೆ ಎಂಬುದಕ್ಕೆ, ಎರಡನೆಯದು ಅದರ ಬಗ್ಗೆ ಅವರೇ ಏನು ಹೇಳುತ್ತಾರೆ ಎಂಬುದಕ್ಕೆ, ಮೂರನೆಯದು ನನಗೆ ಏನು ಅನಿಸುತ್ತದೆ ಎಂಬುದಕ್ಕೆ. ಒಂದರ ಮಾತು ಇನ್ನೊಂದರೊಳಗೆ ಕಾಲಿಡಬಾರದು. ಆಚರಣೆಯನ್ನು ಓದುವ ದಾರಿಗಳು ಹಲವು ಎಂದೂ ಹೇಳಿದರು. ಪ್ರತಿಯೊಂದು ಕ್ರಿಯೆಯ ಹಿಂದೆ ಅರ್ಥ ಅಡಗಿದೆ ಎನ್ನುವವರು ಕೆಲವರು, ಮಾಡುವುದಷ್ಟೇ ಖರೆ, ಅರ್ಥವನ್ನು ಆಮೇಲೆ ಅಂಟಿಸುತ್ತೇವೆ ಎನ್ನುವವರು ಕೆಲವರು, ಅವರ ಪಂಕ್ತಿಯಲ್ಲಿ ಕೂತು ಉಂಡೇ ತಿಳಿಯಬೇಕು ಎನ್ನುವವರು ಇನ್ನು ಕೆಲವರು. ನಾನು ಕಣ್ಣು ಮುಚ್ಚಿ ಮೊದಲನೆಯವರ ಕಡೆ ಸೇರಿಕೊಂಡೆ. ಅರ್ಥ ಹುಡುಕುವುದೆಂದರೆ ನನಗೆ ಸಣ್ಣಂದಿನಿಂದ ಬಾಯಿ ಚಪಲ ಇದ್ದ ಹಾಗೆ.

ಹೀಗಾಗಿ ನನ್ನ ಮೂರನೆಯ ಅಂಕಣ ತುಂಬಿ ತುಳುಕಿತು, ಎರಡನೆಯದು ಖಾಲಿ. ಅತ್ತೆಯನ್ನು ಕೇಳಿದರೆ ಏನು ಹೇಳುತ್ತಾರೆ? ಕಡುಬು ಏಕೆ ಎಂದರೆ ಪದ್ಧತಿ. ಬಲಗಡೆಯಿಂದಲೇ ಏಕೆ ಎಂದರೆ ಪದ್ಧತಿ. ಚೆಲ್ಲಿದ ಮೇಲೆ ತಿರುಗಿ ಹೋಗಬಾರದು ಏಕೆ ಎಂದರೆ, ಉಂಡವರ ಎಲೆ ಮುಂದೆ ಮತ್ತೆ ಹೋಗಿ ನಿಲ್ಲುತ್ತಾರೇನು ಎಂದು ನನ್ನನ್ನೇ ಕೇಳಿದರು. ಇದೊಂದನ್ನು ಬರೆದುಕೊಂಡೆ. ಬರೆದುಕೊಂಡಿದ್ದನ್ನು ತಲೆಯಲ್ಲಿಟ್ಟುಕೊಳ್ಳಲಿಲ್ಲ, ಅದೇ ಎಡವಟ್ಟಾಯಿತು.

ಆ ವರ್ಷದ ಸೀಗೆ ಹುಣ್ಣಿಮೆಗೆ ಮೊಬೈಲು ಚಾರ್ಜು ಮಾಡಿಕೊಂಡು, ಮೂರೂ ಅಂಕಣ ಸಿದ್ಧ ಮಾಡಿಕೊಂಡು ಹೊಲಕ್ಕೆ ಹೋದೆ. ಹತ್ತಿ ಕಾಯಿ ಕಟ್ಟಿತ್ತು. ಮೈದುನ ಮುಂದೆ ಕೂಗು ಹಾಕುತ್ತ ನೀರು ಚಿಮುಕಿಸಿದ, ಅತ್ತೆ ತಲೆಯ ಮೇಲೆ ಸೆರಗು ಹೊದ್ದು ಹಿಂದೆ ಚರಗ ಚೆಲ್ಲಿದರು. ಇಡೀ ಹೊಲ ಸುತ್ತಿ ಬಂದರು. ನಾನು ಪಕ್ಕದಲ್ಲೇ ಓಡಾಡಿ ಚಿತ್ರೀಕರಣ ಮಾಡಿದೆ. ಬನ್ನಿಗಿಡದ ಕೆಳಗೆ ಕೂತು ತೆಗೆದು ನೋಡಿದರೆ ಅಯ್ಯೋ ಶಿವನೇ, ಚರಗ ಚೆಲ್ಲುವಾಗ ಮೊಬೈಲು ಬಂದ್ ಆಗಿತ್ತು. ನಾನು ಬಂದ್ ಮಾಡಿದೆ ಎಂದುಕೊಂಡ ಮೇಲೆ ಚಾಲೂ ಆಗಿತ್ತು. ಎಂಟು ನಿಮಿಷ ನನ್ನದೇ ಚಪ್ಪಲಿ, ನನ್ನದೇ ಏದುಸಿರು.

ಇನ್ನೊಂದು ವರ್ಷ ಕಾಯುವಂತಿರಲಿಲ್ಲ. ವಿಶ್ವವಿದ್ಯಾಲಯ ಎರಡು ಸಲ ಅವಧಿ ವಿಸ್ತರಿಸಿತ್ತು. ಬರುವ ಮಾರ್ಚ್ ಕೊನೆಯೊಳಗೆ ಒಪ್ಪಿಸದಿದ್ದರೆ ನನ್ನ ನೋಂದಣಿಯೇ ರದ್ದು, ನಾಲ್ಕು ವರ್ಷದ ಓಡಾಟ ನೀರಲ್ಲಿ ಹೋಮ. ನಾಚಿಕೆ ಬಿಟ್ಟು ಕೇಳಿದೆ.

"ಅತ್ತಿ, ಇನ್ನೊಮ್ಮಿ ಮಾಡ್ರಿ."

ಮೈದುನ ನಕ್ಕ. ಇದೇನು ಸಿನಿಮಾ ಶೂಟಿಂಗೇ ವೈನಿ ಎಂದ. ಅತ್ತೆ ನಗಲಿಲ್ಲ. ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಬುಟ್ಟಿಯಿಂದ ತಮ್ಮ ಪಾಲಿನ ಕಡುಬು ತೆಗೆದು ಮುರಿದು ಪಲ್ಯದಲ್ಲಿ ಕಲಸಿ ಎದ್ದೇಬಿಟ್ಟರು. ಈ ಸಲ ನಾನು ಒಂದೇ ಕಡೆ, ಹೊಲದ ಒಂದು ಮೂಲೆಯಲ್ಲಿ ಅಲುಗಾಡದೆ ನಿಂತು ಚಿತ್ರ ತೆಗೆದೆ. ಬಿಸಿಲೂ ಚೆನ್ನಾಗಿ ಬಿದ್ದಿತ್ತು. ಮೊದಲನೆಯದು ಹೋಗಿದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಎಂಥ ದಡ್ಡಿ ನಾನು!

ಮನೆಗೆ ಬಂದು ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಅತ್ತೆ ಎಲ್ಲೂ ನಿಲ್ಲದೆ ಚೆಲ್ಲುತ್ತ ಬಂದವರು ನಾನು ನಿಂತಿದ್ದ ಮೂಲೆಗೆ ಬಂದಾಗ ನಿಂತಿದ್ದರು. ತುಟಿ ಅಲುಗುತ್ತಿತ್ತು, ಧ್ವನಿಯಿಲ್ಲ. ಉಳಿದ ಮೂರು ಮೂಲೆಗಳಲ್ಲಿ ಹಾಗಿಲ್ಲ. ಆ ಮೂಲೆ ಐರಣಿಯ ದಿಕ್ಕಿಗಿದೆ. ಐರಣಿಯಲ್ಲಿ ಯಾರಿದ್ದಾಳೆ? ತುಂಗಭದ್ರೆ! ಅಂದರೆ ಹೊಲದ ತಾಯಿಯ ಬಯಕೆಯ ಊಟದಲ್ಲಿ ನದಿಯ ತಾಯಿಗೂ ಒಂದು ಗುಟ್ಟಿನ ಪಾಲಿದೆ. ಹನ್ನೊಂದು ಪುಟ ಬರೆದೆ. ಬರೆಯುವಾಗ ನನಗೆ ನಾನೇ ದೊಡ್ಡ ವಿದ್ವಾಂಸೆ ಅನಿಸಿ ಮೈ ಜುಮ್ಮೆಂದಿತ್ತು, ಸುಳ್ಳೇಕೆ ಹೇಳಲಿ.

ಮಾರ್ಗದರ್ಶಕರು ಹನ್ನೊಂದೂ ಪುಟ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. ಬರವಣಿಗೆ ಚೆನ್ನಾಗಿದೆ ಎಂದರು. ಅವರು ಹಾಗೆ ಎಂದರೆ ಹಿಂದೆ ಏನೋ ಇದೆ ಎಂದೇ ಲೆಕ್ಕ.

"ಮೇಡಂ, ಅಲ್ಲಿ ನಿಂತು ಏನಂದ್ರಿ ಅಂತ ನಿಮ್ಮ ಅತ್ತಿಯವರನ್ನ ಕೇಳಿದ್ರೇನು?"

ಇಲ್ಲ ಎಂದೆ.

"ಕೇಳಿ ಬರ್ರಿ. ಕೇಳದ ಬರೆದಿದ್ದನ್ನ ನಾ ಮುಂದ ಕಳಸಾಂಗಿಲ್ಲ."

ಹಾವೇರಿಯಿಂದ ರಾಣೆಬೆನ್ನೂರಿಗೆ ಬಸ್ಸಿನಲ್ಲಿ ಬರುವಾಗ ಮೈಯೆಲ್ಲ ಉರಿಯುತ್ತಿತ್ತು. ಒಂದೇ ಒಂದು ಪ್ರಶ್ನೆ, ಅದೂ ನನ್ನ ಮನೆಯಲ್ಲೇ ಇರುವವರಿಗೆ. ಕೇಳುವುದಕ್ಕೇನು ಧಾಡಿ? ಧಾಡಿ ಏನೆಂದರೆ ಹೆದರಿಕೆ. ಅತ್ತೆ ನದಿಯ ಹೆಸರು ಹೇಳದಿದ್ದರೆ ಹನ್ನೊಂದು ಪುಟ ಹೋಗುತ್ತವೆ, ಅಧ್ಯಾಯವೇ ಕುಸಿಯುತ್ತದೆ, ಮಾರ್ಚ್ ಕೊನೆಗೆ ಉಳಿದಿರುವುದು ಆರೇ ವಾರ. ಆ ಭಯದಲ್ಲಿ ಒಂದು ವಾರ ಕಳೆದೆ. ಅತ್ತೆ ಎದುರಿಗೆ ಬಂದರೆ ಹಾಲಿನ ಮಾತು, ನೆಂಟರ ಮಾತು, ಪಕ್ಕದ ಮನೆ ನಾಯಿಯ ಮಾತು, ಎಲ್ಲ ಆಡುತ್ತಿದ್ದೆ.

ಕೊನೆಗೆ ಆ ಪ್ರಶ್ನೆ ಕೇಳುವಂತೆ ಮಾಡಿದ್ದು ಮೆಣಸಿನಕಾಯಿ. ಅತ್ತೆಯ ತವರು ಬ್ಯಾಡಗಿ. ಪ್ರತಿ ವರ್ಷ ಫೆಬ್ರುವರಿ ಹೊತ್ತಿಗೆ ಅವರ ತಮ್ಮ ಒಂದು ಚೀಲ ಕಾಯಿ ಕಳಿಸುತ್ತಾರೆ. ನಾವಿಬ್ಬರೂ ಪಡಸಾಲೆಯಲ್ಲಿ ಕೂತು ತೊಟ್ಟು ಮುರಿಯುತ್ತೇವೆ. ನನಗೆ ಇಷ್ಟವಾದ ಕೆಲಸ. ಕೈ ಕೆಂಪಾಗುತ್ತದೆ, ಕಾಯಿಯ ಘಮಕ್ಕೆ ನಡುನಡುವೆ ಸೀನು ಬರುತ್ತದೆ, ಇಬ್ಬರೂ ಒಟ್ಟಿಗೆ ಸೀನಿದರೆ ಅತ್ತೆ ಸಣ್ಣ ಹುಡುಗಿಯ ಹಾಗೆ ನಗುತ್ತಾರೆ. ಅವತ್ತೂ ಹಾಗೆ ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಈಗಿಲ್ಲದಿದ್ದರೆ ಎಂದೂ ಇಲ್ಲ ಎಂದುಕೊಂಡು ಮೊಬೈಲು ತೆಗೆದು ಆ ಚಿತ್ರ ತೋರಿಸಿದೆ. ಐರಣಿ ದಿಕ್ಕಿನ ಮೂಲೆಯಲ್ಲಿ ನಿಂತು ಹೊಳೆವ್ವನಿಗೆ ಬೇಡಿಕೊಂಡಿರಲ್ಲವೇ ಎಂದು ಕೇಳಿದೆ. ನೋಡಿ, ಪ್ರಶ್ನೆಯ ಬಾಯಿಗೆ ಉತ್ತರವನ್ನೂ ನಾನೇ ತುರುಕಿದ್ದೆ.

ಅತ್ತೆ ಮೊಬೈಲನ್ನು ದೂರ ಹಿಡಿದು ನೋಡಿದರು.

"ಹೊಳೆವ್ವಗ ಯಾಕ ಬೇಡ್ಕೊಳ್ಳಲಿ? ಅಲ್ಲಿ ನೀ ನಿಂತಿದ್ದಿ. ಅದಕ್ಕ ನಿಂತೆ."

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಹನ್ನೊಂದು ಪುಟ, ಆ ತಾಯಿ ತುಂಗಭದ್ರೆ, ಎಲ್ಲ ಒಂದೇ ಮಾತಿಗೆ ಕೊಚ್ಚಿಕೊಂಡು ಹೋದವು. ಚಿತ್ರವನ್ನು ಅದೆಷ್ಟು ಸಲ ನೋಡಿದ್ದೆ! ಅತ್ತೆಯ ತುಟಿ ನೋಡಿದೆ, ದಿಕ್ಕು ನೋಡಿದೆ, ಸೆರಗು ನೋಡಿದೆ. ಮೊಬೈಲು ಹಿಡಿದುಕೊಂಡವಳು ಒಬ್ಬಳು ಅಲ್ಲಿದ್ದಳು ಎಂಬುದು ಮಾತ್ರ ಹೊಳೆದಿರಲಿಲ್ಲ.

ಅಷ್ಟಾದ ಮೇಲೆ ಇನ್ನೊಂದು ನೆನಪಾಯಿತು. ಚೆಲ್ಲಿದ ಮೇಲೆ ತಿರುಗಿ ಹೋಗಬಾರದು ಎಂದು ಇವರೇ ಹೇಳಿದ್ದರಲ್ಲ! ನಾನು ಬರೆದುಕೊಂಡಿದ್ದೆನಲ್ಲ! ನನ್ನ ಹಟಕ್ಕೆ ಪದ್ಧತಿ ಮುರಿದು, ತಪ್ಪಾಯಿತು ತಾಯೀ ಎಂದು ನನ್ನ ಪರವಾಗಿ ಬೇಡಿಕೊಂಡಿರಬೇಕು. ಅವತ್ತು ತಮ್ಮ ಪಾಲಿನ ಕಡುಬನ್ನೂ ಉಣ್ಣಲಿಲ್ಲ. ಇಷ್ಟು ತಿಂಗಳು ಮನಸ್ಸಿನಲ್ಲಿಟ್ಟುಕೊಂಡು ಕೊರಗಿದರೋ ಏನೋ. ನನಗೆ ಅಳುವೇ ಬಂತು. ಮೆಣಸಿನಕಾಯಿ ಇದ್ದುದರಿಂದ ಗೊತ್ತಾಗಲಿಲ್ಲ. ತಪ್ಪಾಯಿತು, ನಾನು ಕೇಳಬಾರದಿತ್ತು ಎಂದೆ.

ಅತ್ತೆ ತೊಟ್ಟು ಮುರಿಯುತ್ತಲೇ ಇದ್ದರು. ಚರಗ ಚೆಲ್ಲುವಾಗ ಅವರು ಒಳಗೊಳಗೇ ಮನೆಯವರ ಹೆಸರು ಹೇಳುತ್ತ ಹೋಗುತ್ತಾರಂತೆ. ಒಂದು ಮೂಲೆಗೆ ದೊಡ್ಡ ಮಗ, ಒಂದು ಮೂಲೆಗೆ ಸಣ್ಣ ಮಗ, ಒಂದು ಮಗಳಿಗೆ, ಒಂದು ಮೊಮ್ಮಕ್ಕಳಿಗೆ. ನಾಲ್ಕು ವರ್ಷದಿಂದ ಕೇಳುತ್ತ ಬಂದಿದ್ದೆ, ಇದನ್ನು ಅವರು ಹೇಳಿರಲಿಲ್ಲ. ಅದು ಏಕೆ ಇದು ಏಕೆ ಎಂದು ಕೇಳುತ್ತಿದ್ದೆಯೇ ಹೊರತು ಚೆಲ್ಲುವಾಗ ನೀವು ಏನು ಅಂದುಕೊಳ್ಳುತ್ತೀರಿ ಎಂದು ಎಂದಾದರೂ ಕೇಳಿದ್ದೀಯಾ ಎಂದರು. ಕೇಳಿರಲಿಲ್ಲ. ಆಮೇಲೆ ನನ್ನ ಕಡೆ ನೋಡದೆ, ಸ್ವಲ್ಪ ನಾಚಿಕೊಂಡೇ ಹೇಳಿದರು.

"ಮೂಲಿ ನಾಕ ಅದಾವು ಯವ್ವಾ, ಮನ್ಯಾಗ ಮಂದಿ ಭಾಳ. ನಿನ್ನ ಹೆಸರು ಮರತಬಿಟ್ಟಿದ್ದೆ. ಗಿಡದ ಕೆಳಗ ಬಂದು ಕುಂತ ಮ್ಯಾಲೆ ನೆನಪಾತು. ತಿರುಗಿ ಹೋಗಾಕ ಬರಂಗಿಲ್ಲಲಾ, ಏನ್ ಮಾಡ್ಲಿ ಅಂತ ಸಂಕಟ ಆಗಾಕತ್ತಿತ್ತು. ಅಷ್ಟರಾಗ ನೀನ ಅಂದಿ, ಇನ್ನೊಮ್ಮಿ ಮಾಡ್ರಿ ಅಂತ."