ರೆಕ್ಕೆ ಬಿಡಿಸಿ ನೋಡುವ ಕೈ

ನನ್ನ ಅತ್ತೆ ಇಪ್ಪತ್ತೆರಡು ವರ್ಷ ಮಾಡಿದ ಕೆಲಸವನ್ನು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು: ಹೆಣ್ಣು ಬಲಕ್ಕೆ, ಗಂಡು ಎಡಕ್ಕೆ. ಮೊಟ್ಟೆಯೊಡೆದು ಹೊರಬಂದು ಒಂದು ದಿನವೂ ತುಂಬದ ಕೋಳಿಮರಿಗಳು ಹ್ಯಾಚರಿಯ ಮೇಜಿನ ಮೇಲೆ ಟ್ರೇಗಟ್ಟಲೆ ಬಂದು ಬೀಳುತ್ತಿದ್ದವು. ಒಂದೊಂದನ್ನೇ ಎತ್ತಿ, ಹೆಬ್ಬೆರಳಿನಿಂದ ರೆಕ್ಕೆ ಬಿಡಿಸಿ ನೋಡಬೇಕು. ಅಂಚಿನಲ್ಲಿ ಉದ್ದ, ಗಿಡ್ಡ ಎಂದು ಎರಡು ಸಾಲು ಗರಿ ಕಂಡರೆ ಹೆಣ್ಣು. ಎರಡೂ ಸಾಲು ಒಂದೇ ಸಮ ಇದ್ದರೆ ಗಂಡು. ಬಲಗಡೆಯ ಬುಟ್ಟಿ ಮೊಟ್ಟೆಯ ಫಾರಂಗಳಿಗೆ ಹೋಗುತ್ತಿತ್ತು. ಎಡಗಡೆಯ ಬುಟ್ಟಿಯ ಮರಿಗಳ ಜೀವ ಅದೇ ಕಟ್ಟಡದ ಹಿಂದಿನ ಕೋಣೆಯಲ್ಲಿ ಮುಗಿದುಹೋಗುತ್ತಿತ್ತು. ಗಂಟೆಗೆ ಎರಡು ಸಾವಿರ ಮರಿ ನೋಡುತ್ತಿದ್ದ ಅತ್ತೆಗೆ ಅಲ್ಲಿ ‘ಹೆಬ್ಬೆರಳಮ್ಮ’ ಎಂದೇ ಹೆಸರು.

ಆಮೇಲೆ ಕ್ಯಾಮರಾ ಇಟ್ಟ ಯಂತ್ರ ಬಂತು. ಅತ್ತೆಯ ಕೈಗೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. “ಇನ್ಮೇಲೆ ಟೈಮ್ ನೋಡ್ಕೊಂಡು ಕೂತಿರು ಅಂತ ಅರ್ಥ” ಎಂದು ಅತ್ತೆ ನಗಾಡಿದ್ದರು. ನಮ್ಮ ಎರಡು ಕೋಣೆಯ ಮನೆಗೆ ಬಂದ ಮೇಲೆ ಎಷ್ಟೋ ದಿನ ಅವರ ಬಾಯಿಂದ ಬಂದ ಜೋಕ್ ಅದೊಂದೇ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮಡಿಲಲ್ಲಿ ಬಲಗೈ ಹೆಬ್ಬೆರಳು ಮಾತ್ರ, ಅಲ್ಲಿಲ್ಲದ ರೆಕ್ಕೆಯೊಂದನ್ನು ಬಿಡಿಸುತ್ತಲೇ ಇರುತ್ತಿತ್ತು. ಒಗೆದ ಕಾಲುಚೀಲದ ರಾಶಿ ಕಂಡರೆ ಸಾಕು, ನಮ್ಮವು ಬಲಕ್ಕೆ, ನನ್ನ ಮಗಳು ಪುಟ್ಟಿಯವು ಎಡಕ್ಕೆ. ಒಂದೂವರೆ ವರ್ಷದ ಆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಅವಳ ಬೆರಳುಗಳನ್ನೂ ಹಾಗೇ ಬಿಡಿಸಿ ನೋಡುತ್ತಿದ್ದರು.

ಒಂದು ದಿನ ಫೋನಿನಲ್ಲಿ ತಮ್ಮ ಅಕ್ಕನಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. “ಚೆನ್ನಾಗೇ ನೋಡ್ಕೊತಾರೆ ಕಣೇ. ಆದ್ರೆ ಇಲ್ಲಿ ನಾನು ಒಂದು ಮಂಚದ ಜಾಗ, ಅಷ್ಟೇ.”

ಆ ಮಾತು ನನ್ನನ್ನು ಎರಡು ದಿನ ಕೊರೆಯಿತು. ಮೂರನೆಯ ದಿನ ಹಿತ್ತಿಲನ್ನು ಅಳೆದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ; ಐದು ಕೋಳಿಗೆ ಧಾರಾಳ. ಪುಟ್ಟಿ ಬೇರೇನನ್ನೂ ಸರಿಯಾಗಿ ತಿನ್ನುವವಳಲ್ಲ, ಮೊಟ್ಟೆ ಕಂಡರೆ ಮಾತ್ರ ಬಾಯಿ ಬಿಡುತ್ತಾಳೆ. ಅದನ್ನೇ ನೆಪ ಮಾಡಿಕೊಂಡೆ.

ಮೊದಲು ಮಹಡಿಯ ನರ್ಸಮ್ಮನನ್ನು ಕೇಳಬೇಕಿತ್ತು. ಮನೆ ಅವರದು. ಅವರಿಗೆ ಯಾವಾಗಲೂ ರಾತ್ರಿ ಪಾಳಿ. ಬೆಳಿಗ್ಗೆ ಏಳಕ್ಕೆ ಬಂದು ಮಲಗಿದರೆ ಏಳುವುದು ಮಧ್ಯಾಹ್ನ.

“ಹೇಂಟೆ ಸಾಕೊಳ್ರೀ, ಅವು ಕೊಕ್ಕೊ ಅಂದ್ರೆ ನನ್ನ ಫ್ಯಾನಿನ ಸದ್ದಿನ ಮುಂದೆ ಏನೂ ಅಲ್ಲ” ಎಂದರು. “ಹುಂಜ ಕೂಗಿತೋ, ಅವತ್ತೇ ಎಲ್ಲಾ ಕೋಳಿ ಆಚೆ. ಒಂದೂ ಉಳಿಯಲ್ಲ. ಆಮೇಲೆ ಮುಖ ಸಣ್ಣ ಮಾಡ್ಕೊಂಡು ಬರಬಾರ್ದು.”

ನಾನು ಡೈರಿಯಲ್ಲಿ ತಳಿಗಳ ಪಟ್ಟಿ ಮಾಡಿದೆ. ಬಿಳಿ ಲೆಗಾರ್ನ್: ಮೇವು ಕಡಿಮೆ, ಮೊಟ್ಟೆ ಜಾಸ್ತಿ, ಆದರೆ ನೆರಳು ಕಂಡರೂ ಬೆದರಿ ಗೋಡೆ ಹಾರುತ್ತದೆ. ನಾಟಿ ಕೋಳಿ: ತನ್ನ ಹೊಟ್ಟೆ ತಾನೇ ನೋಡಿಕೊಳ್ಳುತ್ತದೆ, ಆದರೆ ಒಂದಿಷ್ಟು ಮೊಟ್ಟೆ ಇಟ್ಟು ಕಾವಿಗೆ ಕೂತರೆ ವಾರಗಟ್ಟಲೆ ಏಳುವುದಿಲ್ಲ. ಕಪ್ಪು ಆಸ್ಟ್ರಲಾರ್ಪ್: ಸಾಧು, ಮಕ್ಕಳು ಮುಟ್ಟಿದರೂ ಸುಮ್ಮನಿರುತ್ತದೆ, ಮೊಟ್ಟೆಯೂ ಪರವಾಗಿಲ್ಲ, ಮರಿಯಲ್ಲಿ ಹೆಣ್ಣು ಗಂಡು ಗೊತ್ತಾಗುವುದಿಲ್ಲ. ಕಂದು ಹೈಬ್ರಿಡ್: ದಿನಕ್ಕೊಂದು ಮೊಟ್ಟೆ, ಹುಟ್ಟುವಾಗಲೇ ಹೆಣ್ಣು ಕೆಂಪು, ಗಂಡು ಬಿಳಿ. ಕೊನೆಯದರ ಸುತ್ತ ಎರಡು ಗೆರೆ ಎಳೆದೆ. ನರ್ಸಮ್ಮನ ಷರತ್ತಿಗೆ ಅದಕ್ಕಿಂತ ಒಳ್ಳೆಯ ಉತ್ತರ ಇರಲಿಲ್ಲ.

ಪಟ್ಟಿ ಓದಿ ಹೇಳಿದಾಗ ಅತ್ತೆ ಕುರ್ಚಿಯಿಂದ ಮುಂದಕ್ಕೆ ಬಾಗಿದರು.

“ಬಿಳೀದು ಬೇಡವೇ ಬೇಡ. ಇಪ್ಪತ್ತೆರಡು ವರ್ಷ ನೋಡಿದ್ದು ಸಾಕು.”

“ನಾನೂ ಅದನ್ನೇ ಅಂದ್ಕೊಂಡೆ ಅತ್ತೆ. ಈ ಕಂದು...”

“ಕಂದು ಮರೀನ ಕಣ್ಣಿರೋರು ಯಾರು ಬೇಕಾದ್ರೂ ತರಬಹುದು. ಕೆಂಪಾ, ಬಿಳಿಯಾ ಅಂತ ನೋಡೋಕೆ ನಾನ್ಯಾಕೆ ಬೇಕು?” ಅವರ ಹೆಬ್ಬೆರಳು ಮೇಲೆದ್ದಿತ್ತು. “ಕಪ್ಪು ತರೋಣ. ಹೆಣ್ಣು ಆರಿಸೋದು ನನಗೆ ಬಿಡು.”

ಮರಿ ಮಾರುವವನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಶೆಡ್. ದೀಪದ ಕಾವಿನ ಕೆಳಗೆ ನಲವತ್ತು ಐವತ್ತು ಕಪ್ಪು ಮರಿ, ಹೊಟ್ಟೆ ಮಾತ್ರ ಹಳದಿ.

“ಇದಕ್ಕೆ ಹೆಣ್ಣು ಗಂಡು ಗ್ಯಾರಂಟಿ ಇಲ್ಲಮ್ಮ” ಎಂದ ಅವನು.

“ಗ್ಯಾರಂಟಿ ನಾನೇ ಕಣಪ್ಪ” ಎಂದು ಅತ್ತೆ ಸೆರಗು ಸಿಕ್ಕಿಸಿಕೊಂಡರು.

ಆ ಕೆಲಸವನ್ನು ನಾನು ನೋಡಿದ್ದು ಅದೇ ಮೊದಲು. ಮರಿ ಅಂಗೈಗೆ ಬರುವುದು, ರೆಕ್ಕೆ ತೆರೆಯುವುದು, ಕೆಳಗಿಳಿಯುವುದು, ಎಲ್ಲ ಕಣ್ಣು ಮಿಟುಕಿಸುವುದರೊಳಗೆ. ಅಂಗಡಿಗೆ ಬಂದಿದ್ದ ಇಬ್ಬರು ಹೆಂಗಸರು ನಿಂತು ನೋಡತೊಡಗಿದರು. ಅತ್ತೆಯ ಬೆನ್ನು ನೆಟ್ಟಗಾಗಿತ್ತು. ಮುಖದಲ್ಲಿ ಹತ್ತು ವರ್ಷ ಕಳಚಿ ಬಿದ್ದಿತ್ತು.

ಆಗಲೇ ಅಂಗಡಿಯವನು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ: “ಅಕ್ಕಾ, ರೆಕ್ಕೆ ನೋಡಿ ಹೇಳೋದು ಹ್ಯಾಚರಿ ಮರಿಗೆ ಮಾತ್ರ. ಹಾಗೆ ಗೊತ್ತಾಗಲಿ ಅಂತಲೇ ಅವುಗಳ ಅಪ್ಪ ಅಮ್ಮನ್ನ ಆರಿಸಿ ಜೋಡಿ ಮಾಡಿರ್ತಾರೆ. ಈ ಕಪ್ಪಿಗೆ ಅದು ನಡೆಯಲ್ಲ. ಬರೀ ಅದೃಷ್ಟ. ಅಮ್ಮನಿಗೆ ಹೇಳ್ಲಾ?”

ನಾನು ಅತ್ತೆಯ ಕಡೆ ನೋಡಿದೆ. ಬೇಡ ಎಂದು ತಲೆಯಾಡಿಸಿದೆ.

ಐದು ಮರಿ ತಂದೆವು. ಲಿಫ್ಟ್ ರಿಪೇರಿ ಮಾಡುವ ನನ್ನ ಗಂಡ ಕೆಲಸದಲ್ಲಿ ಉಳಿದ ಜಾಲರಿ ತಂದು ಗೂಡು ಕಟ್ಟಿದರು. ಬಾಗಿಲು ಎಷ್ಟು ನುಣ್ಣಗೆ ಜಾರುತ್ತಿತ್ತೆಂದರೆ, “ಎಷ್ಟನೇ ಮಹಡಿಗೆ ಹೋಗುತ್ತೋ ಇದು?” ಎಂದು ಅತ್ತೆ ಮಗನನ್ನು ರೇಗಿಸಿದರು. ಮನೆಯಲ್ಲಿ ಮತ್ತೆ ಅವರ ದನಿ ಕೇಳಿಸತೊಡಗಿತು. ಬೆಳಿಗ್ಗೆ ಎದ್ದರೆ ಮೇವು, ನೀರು, ಗೂಡಿನ ಹೊಟ್ಟು ಬದಲಿಸುವುದು. ಪುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು, “ನೋಡು, ಇವಳು ಜಂಬಗಾತಿ, ಇವಳು ಹೊಟ್ಟೆಬಾಕಿ” ಎಂದು ಪರಿಚಯ ಮಾಡಿಸುತ್ತಿದ್ದರು. ಅಂಗಡಿಯವನ ಮಾತನ್ನು ನಾನು ಡೈರಿಯಲ್ಲಿ ಕೂಡ ಬರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೇನೋ ಎಂಬ ಭಯ.

ಎಂಟನೆಯ ವಾರಕ್ಕೆ ಮೂರರ ಜುಟ್ಟು ಕೆಂಪೇರಿತು. ಉಳಿದೆರಡರದು ಮಾಸಲಾಗಿಯೇ ಇತ್ತು.

“ಬಿಸಿಲಿಗೆ ಹಾಗಾಗುತ್ತೆ” ಎಂದರು ಅತ್ತೆ. ಎಲ್ಲ ಕೋಳಿಗೂ ಅದೇ ಬಿಸಿಲು ಎಂದು ನಾನು ಹೇಳಲಿಲ್ಲ.

ಹನ್ನೆರಡನೆಯ ವಾರಕ್ಕೆ ಆ ಮೂರರ ಕಾಲು ದಪ್ಪಗಾಗಿ, ಸೊಂಟದ ಮೇಲೆ ಚೂಪು ಗರಿ ಇಳಿಬಿದ್ದವು. ನನ್ನ ಗಂಡ ಜಾಲರಿಯೊಳಗೆ ಇಣುಕಿ, “ಅಮ್ಮಾ, ನಿನ್ನ ಜಂಬಗಾತಿ ಸ್ವಲ್ಪ ಗಂಡುಬೀರಿ ಕಣಮ್ಮ” ಎಂದರು. ಅತ್ತೆ ನಗಲಿಲ್ಲ. ಗೂಡಿನ ಬಾಗಿಲು ಎಳೆದು ಮುಚ್ಚಿ ಒಳಗೆ ನಡೆದರು.

ನಾಲ್ಕು ತಿಂಗಳು ತುಂಬುವ ಹೊತ್ತಿಗೆ, ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಹಿತ್ತಿಲಿನಿಂದ ತುಕ್ಕು ಹಿಡಿದ ಬಾಗಿಲು ತೆರೆದಂಥ ಸದ್ದು ಬಂತು. ಜಂಬಗಾತಿ ಕತ್ತು ಚಾಚಿ ನಿಂತಿತ್ತು.

ಮಹಡಿಯ ಕಿಟಕಿ ತೆರೆಯಿತು. “ಏನ್ರೀ ಅದು ಸದ್ದು?”

“ಪುಟ್ಟಿಗೆ ಕೆಮ್ಮು!” ಎಂದು ಅತ್ತೆ ಕೂಗಿದರು.

ಮದುವೆಯಾದಾಗಿನಿಂದ ಅವರ ಬಾಯಲ್ಲಿ ಒಂದು ಸುಳ್ಳು ಕೇಳಿದವಳಲ್ಲ ನಾನು. ಅದೂ ಚೆನ್ನಾಗಿ ಆಡಿಕೊಂಡಿದ್ದ ನನ್ನ ಮಗುವಿನ ಮೇಲೆ. ಅತ್ತೆ ನನ್ನ ಮುಖ ನೋಡದೆ ಒಳಗೆ ಹೋದರು.

ಅದಾಗಿ ಒಂದು ವಾರಕ್ಕೆ, ಬೆಳಗಾಗುವ ಹೊತ್ತಿಗೆ ಪುಟ್ಟಿ ಎದ್ದು ರಚ್ಚೆ ಹಿಡಿದಳು. ಅವಳನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಿಗೆ ಬಂದೆ. ಅತ್ತೆ ಗೂಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಎರಡೂ ತೋಳು ಭುಜದವರೆಗೆ ಗೂಡಿನೊಳಗೆ.

“ಅತ್ತೆ, ಏನ್ ಮಾಡ್ತಿದೀರಿ?”

“ಕತ್ತು ಎತ್ತಿದ್ರೆ ತಾನೇ ಕೂಗೋದು? ತಲೆ ಮೇಲೆ ಕೈ ಇಟ್ರೆ ಸುಮ್ನಿರ್ತಾವೆ. ಅಕ್ಕಪಕ್ಕದವರು ಕೇಳಿದ್ರೂ ನರ್ಸಮ್ಮನ ಕಿವಿಗೆ ಬೀಳುತ್ತೆ” ಎಂದರು, ತಿರುಗದೆಯೇ. “ಅವು ಮೂರು. ನನಗಿರೋದು ಎರಡೇ ಕೈ” ಎಂದರು.

ವಾರದಿಂದ ದಿನಾ ಹೀಗೇ ಕೂರುತ್ತಿದ್ದರಂತೆ. ಮಂಡಿ ಹಿಡಿದುಕೊಂಡು ನಡೆಯುತ್ತಿದ್ದುದು ಏಕೆಂದು ಆಗ ಗೊತ್ತಾಯಿತು. ನಾನು ಪಕ್ಕದಲ್ಲಿ ಕೂತು ಮೂರನೆಯದರ ತಲೆಯ ಮೇಲೆ ಕೈ ಇಟ್ಟೆ. ಬಿಸಿಯಾಗಿತ್ತು.

“ಐದರಲ್ಲಿ ಮೂರು ತಪ್ಪು” ಎಂದರು ಅತ್ತೆ. “ಅಲ್ಲಿ ದಿನಕ್ಕೆ ಹದಿನೈದು ಸಾವಿರ ಮರಿ ನೋಡ್ತಿದ್ದೆ. ಅಷ್ಟೂ ವರ್ಷ ಎಡಗಡೆ ಹಾಕಿದ್ದರಲ್ಲಿ ಎಷ್ಟು ಹೆಣ್ಣಿದ್ವೋ! ಬದುಕಬೇಕಾಗಿದ್ದವು. ಲೆಕ್ಕ ಹಾಕೋಕೆ ಕೂತ್ರೆ ಎದೆ ಹೊಡ್ಕೊಳ್ಳುತ್ತೆ ಕಣೇ.”

ಅವರ ಎದೆಯಲ್ಲಿ ಇಂಥ ಕಲ್ಲು ಕೂತಿರಬಹುದೆಂದು ನಾನು ಎಣಿಸಿಯೇ ಇರಲಿಲ್ಲ. ಹುಂಜ, ನರ್ಸಮ್ಮ, ಹೆಚ್ಚೆಂದರೆ ಒಂದಿಷ್ಟು ಅವಮಾನ, ಅಷ್ಟೇ ಎಂದುಕೊಂಡಿದ್ದೆ. ಇನ್ನು ಬಾಯಿ ಮುಚ್ಚಿಕೊಂಡಿರುವುದು ಪಾಪ ಅನ್ನಿಸಿತು.

“ಇಲ್ಲ ಅತ್ತೆ. ಅಲ್ಲಿ ನೀವು ತಪ್ಪಿಲ್ಲ. ರೆಕ್ಕೆ ನೋಡಿದ್ರೆ ಗೊತ್ತಾಗಲಿ ಅಂತಲೇ ಆ ಮರಿಗಳನ್ನ ಮಾಡಿರ್ತಾರಂತೆ. ಈ ಕಪ್ಪು ಜಾತಿಗೆ ಅದು ನಡೆಯಲ್ಲ. ಯಾರು ನೋಡಿದ್ರೂ ಹೀಗೇ ಆಗೋದು.”

“ಯಾರು ಹೇಳಿದ್ರು?”

“ಅಂಗಡಿಯವನು.”

“ಯಾವಾಗ?”

ಪುಟ್ಟಿ ನನ್ನ ಭುಜಕ್ಕೆ ಒರಗಿ ಮತ್ತೆ ನಿದ್ದೆ ಹೋಗಿದ್ದಳು. “ಅವತ್ತೇ” ಎಂದೆ. “ನೀವು ಮರಿ ಆರಿಸ್ತಿದ್ದಾಗ. ನೀವು ಅಷ್ಟು ಖುಷಿಯಾಗಿದ್ರಿ. ನನಗೆ ಬಾಯಿ ಬರಲಿಲ್ಲ.”

ಅತ್ತೆ ಗೂಡಿನಿಂದ ಕೈ ತೆಗೆದರು. ತೆಗೆದದ್ದೇ ತಡ, ಜಂಬಗಾತಿ ಕತ್ತು ಚಾಚಿ ಕೂಗಿತು. ಈ ಸಲ ಪೂರ್ತಿ, ನಾಲ್ಕು ಮನೆ ಆಚೆಗೂ ಕೇಳುವಂತೆ. ನಾವಿಬ್ಬರೂ ಅದನ್ನು ತಡೆಯಲು ಹೋಗಲಿಲ್ಲ.

“ಹಾಗಾದ್ರೆ ಎಡಗಡೆ ಹಾಕಿದ್ದೆಲ್ಲ ಗಂಡೇ” ಎಂದರು ಅತ್ತೆ. ಅದು ಸಮಾಧಾನದ ಮಾತೋ, ಬೇರೊಂದು ಭಾರವೋ ನನಗೆ ತಿಳಿಯಲಿಲ್ಲ. ಸೆರಗಿನಿಂದ ಕೈಯ ಹೊಟ್ಟು ಒರೆಸಿಕೊಳ್ಳುತ್ತಾ, “ಅವತ್ತೇ ಹೇಳಬೇಕಿತ್ತು ನೀನು. ಒಂದು ಗಳಿಗೆ ಖುಷಿಗೆ ನಾಲ್ಕು ತಿಂಗಳು ಈ ಹುಂಜಗಳನ್ನ ಸಾಕಿಸಿಬಿಟ್ಟೆಯಲ್ಲ” ಎಂದರು. ಜೋರಾಗಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

ಏಳಕ್ಕೆ ನರ್ಸಮ್ಮ ಆಸ್ಪತ್ರೆಯಿಂದ ಬಂದ ಕೂಡಲೇ ಮಹಡಿ ಹತ್ತಿ ಎಲ್ಲವನ್ನೂ ಹೇಳಿದೆ. ಅವರು ಚಪ್ಪಲಿ ಬಿಡುತ್ತಾ ಕೇಳಿಸಿಕೊಂಡರು.

“ಕೆಮ್ಮು ಹಾಗಿರುತ್ತೇನ್ರೀ? ನಾನು ನರ್ಸು” ಎಂದರು. “ಮೊನ್ನೆಯೇ ಇಳಿದು ಬರೋಣ ಅಂತಿದ್ದೆ. ಅಮ್ಮ ಗೂಡಿನ ಮುಂದೆ ಪುಟ್ಟಿ ಜೊತೆ ನಗ್ತಾ ಇದ್ರು. ಹೋಗ್ಲಿ ಅಂತ ಕಿವಿಗೆ ಹತ್ತಿ ಇಟ್ಕೊಂಡು ಮಲಗಿದೆ. ಹೇಂಟೆ ಎರಡು ಇರಲಿ. ಹುಂಜ ಮಾತ್ರ ಭಾನುವಾರದ ಮೇಲೆ ಇರಕೂಡದು.”

ಭಾನುವಾರ ಅತ್ತೆಯೇ ಮೂರನ್ನೂ ಬುಟ್ಟಿಗೆ ಹಾಕಿದರು. ನಾನು ಹಿಡಿಯಲು ಹೋದರೆ ಬೇಡವೆಂದರು. ದಾರಿಯುದ್ದಕ್ಕೂ ಬುಟ್ಟಿಯ ಮುಚ್ಚಳದ ಸಂದಿಯಲ್ಲಿ ಎರಡು ಬೆರಳು ತೂರಿಸಿಕೊಂಡೇ ನಡೆದರು.

ಅಂಗಡಿಯವನು ಬುಟ್ಟಿಯೊಳಗೆ ನೋಡಿ, ನನ್ನ ಕಡೆ ನೋಡಿ, ಏನೂ ಗೊತ್ತಿಲ್ಲದವನಂತೆ ಹೇಳಿದ: “ಒಂದನ್ನ ತಳಿಗೆ ಇಟ್ಕೊತೀನಮ್ಮ. ಇನ್ನೆರಡು ಮಾಂಸದಂಗಡಿಗೆ ಹೋಗ್ತಾವೆ. ಯಾವುದನ್ನ ಇಟ್ಕೊಳ್ಲಿ, ನೀವೇ ನೋಡಿ ಹೇಳಿ. ನಿಮಗಿಂತ ಕೈ ಪಳಗಿದೋರು ಯಾರಿದಾರೆ?”

ಅತ್ತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ನೀನೇ ನೋಡ್ಕೋಪ್ಪ” ಎಂದರು.

ಅವನು ಹೊಟ್ಟೆಬಾಕಿಯನ್ನು ಎತ್ತಿ ಬೇರೆ ಗೂಡಿಗೆ ಬಿಟ್ಟ. ಜಂಬಗಾತಿ ಬುಟ್ಟಿಯಲ್ಲೇ ಉಳಿಯಿತು. ಅತ್ತೆ ಆ ಕಡೆ ತಿರುಗಲಿಲ್ಲ. ದೀಪದ ಕೆಳಗೆ ಗುಂಪಾಗಿದ್ದ ಕೆಂಪು ಮರಿಗಳನ್ನು ನೋಡುತ್ತಾ ನಿಂತರು.

“ನಿನ್ನ ಪಟ್ಟಿಯಲ್ಲಿ ಎರಡು ಗೆರೆ ಎಳೆದಿದ್ಯಲ್ಲ, ಆ ಮರಿ ಮೂರು ತಗೋ” ಎಂದರು ನನಗೆ. “ಮಗುವಿಗೆ ಮೊಟ್ಟೆ ಬೇಕಲ್ಲ.”

“ನೀವು ಆರಿಸಿ ಅತ್ತೆ.”

“ಆರಿಸೋಕೆ ಏನಿದೆ ಅದರಲ್ಲಿ?”

ಈಗ ಹಿತ್ತಿಲಿನಲ್ಲಿ ಎರಡು ಕಪ್ಪು ಹೇಂಟೆ, ಮೂರು ಕೆಂಪು ಮರಿ. ನರ್ಸಮ್ಮ ಕಿವಿಯ ಹತ್ತಿ ತೆಗೆದಿದ್ದಾರೆ. ಅತ್ತೆ ಹೊತ್ತಿಗೆ ಸರಿಯಾಗಿ ಮೇವು ಹಾಕುತ್ತಾರೆ, ನೀರು ಬದಲಿಸುತ್ತಾರೆ, ಆಮೇಲೆ ಬಂದು ಕಿಟಕಿಯ ಕುರ್ಚಿಯಲ್ಲಿ ಕೂರುತ್ತಾರೆ. ನನ್ನ ಮೇಲೆ ಸಿಟ್ಟೇನೂ ತೋರಿಸುವುದಿಲ್ಲ. ಅವರ ಹೆಬ್ಬೆರಳು ಒಮ್ಮೆ ನಿಂತರೆ ಸಾಕಪ್ಪ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಈಗ ನಿಂತಿದೆ.

ಇವತ್ತು ಬೆಳಿಗ್ಗೆ ಒಗೆದ ಕಾಲುಚೀಲಗಳನ್ನೆಲ್ಲ ಬೇಕೆಂದೇ ಕಲಸಿ ಅವರ ಕುರ್ಚಿಯ ಪಕ್ಕದಲ್ಲಿಟ್ಟೆ. ಸಂಜೆ ಬಂದು ನೋಡಿದರೆ ಇಟ್ಟ ಹಾಗೆಯೇ ಇದ್ದವು. ನಾನೇ ಪಕ್ಕದಲ್ಲಿ ಕೂತು ನಮ್ಮವನ್ನು ಬಲಕ್ಕೆ, ಪುಟ್ಟಿಯವನ್ನು ಎಡಕ್ಕೆ ಹಾಕತೊಡಗಿದೆ. ಅವರ ಕೈ ಮುಂದೆ ಬರಲೆಂದು ಒಂದೆರಡು ಸಲ ತಪ್ಪಾಗಿಯೂ ಹಾಕಿದೆ. ಅತ್ತೆ ನೋಡುತ್ತಿದ್ದರು, ತಿದ್ದಲಿಲ್ಲ.