ಔಡಲ ಹಿಂಡಿಯ ಬಕೆಟ್ಟು

ನಾನು ಚಿಕ್ಕವನಿದ್ದಾಗ ಒಂದು ವರ್ಷವಿಡೀ ಗುಲಾಬಿ ಗಿಡ ಕಂಡರೆ ಹೆದರುತ್ತಿದ್ದೆ. ನಗಬೇಡಿ, ಮಕ್ಕಳೇ. ಮುಳ್ಳಿಗಲ್ಲ ನಾನು ಹೆದರಿದ್ದು. ಆ ಗಿಡದ ಸಲುವಾಗಿ ಒಂದು ದಿನ ನಾನು ಮಾಡಿದ ಕೆಲಸಕ್ಕೆ.

ನಮ್ಮೂರು ಇಂಡಿಗೆ ಹತ್ತಿರ, ಸೈಕಲ್ ತುಳಿದರೆ ಅರ್ಧ ತಾಸಿನ ದಾರಿ. ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಅಕ್ಕ ಎರಡು ಗುಲಾಬಿ ಗಿಡ ಹಚ್ಚಿದ್ದಳು. ಪಾಪ, ಅವು ಬದುಕಲೂ ಒಲ್ಲವು, ಸಾಯಲೂ ಒಲ್ಲವು. ಎಲೆ ಹಳದಿ, ಅದರ ಮೇಲೆ ಹಿಟ್ಟು ಚೆಲ್ಲಿದಂಥ ಬಿಳಿ ಬೂಷ್ಟು. ಮೊಗ್ಗು ಬಿಟ್ಟರೂ ಅರಳುವ ಮೊದಲೇ ಉದುರುತ್ತಿತ್ತು. ನಾಗರ ಪಂಚಮಿಯೊಳಗೆ ಚಿಗುರದಿದ್ದರೆ ಕಿತ್ತು ಮೆಣಸಿನ ಗಿಡ ಹಚ್ಚುತ್ತೇನೆ ಎಂದು ಅವ್ವ ಹೇಳಿಬಿಟ್ಟಿದ್ದಳು. ಅಕ್ಕನಿಗೆ ಊಟ ಸೇರದಾಯಿತು.

ಪಕ್ಕದ ಲಿಂಬಿ ತೋಟದ ಮಾಲಿ ಬಂದು ನೋಡಿ ಹೇಳಿದ: "ಸಬಕಾರದ ನೀರು ಬಂದ್ ಮಾಡ್ರಿ. ಬೂಷ್ಟಿಗೆ ಹುಳಿ ಮಜ್ಜಿಗಿ ನೀರು ಹೊಡೀರಿ. ಹುಳಕ್ಕ ಒಲಿ ಬೂದಿ ಉದುರಸ್ರಿ. ಬುಡಕ್ಕ ಔಡಲ ಹಿಂಡಿ ನೆನಿಹಾಕಿ ಕೊಡ್ರಿ, ಆದ್ರ ದನಕ್ಕ ಮಾತ್ರ ಮುಟ್ಟಿಸಬ್ಯಾಡ್ರಿ. ಅದು ವಿಷ."

ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಗಟ್ಟಿಯೇ ಹಿಂಡಿ. ಶೇಂಗಾದ ಹಿಂಡಿಯನ್ನು ಆಕಳು ಕಣ್ಣು ಮುಚ್ಚಿ ತಿನ್ನುತ್ತದೆ. ಔಡಲದ, ಅಂದರೆ ಹರಳು ಬೀಜದ, ಹಿಂಡಿ ಗಿಡಕ್ಕೆ ಅಮೃತ, ಆಕಳಿಗೆ ಸಾವು. ನೆನೆಸಿದರೆ ಎರಡೂ ಒಂದೇ ಥರ ಕಂದು ರಾಡಿ.

ಅಂದು ಮುಂಜಾನೆ ಅಕ್ಕ ಔಡಲ ಹಿಂಡಿಯ ಗಡಿಗೆಯನ್ನು ಮಾಳಿಗೆಯಿಂದ ಇಳಿಸಿ ಕೊಟ್ಟು, "ಬಕೀಟಿನ್ಯಾಗ ನೀರು ಕೂಡಿಸಿ ಗಿಡಕ್ಕ ಹಾಕು. ಕಾಂಡಕ್ಕ ತಾಗಿಸಬ್ಯಾಡ, ಗೇಣು ದೂರ ಹಾಕು" ಎಂದು ಹೊಲಕ್ಕೆ ಬುತ್ತಿ ಒಯ್ದಳು. ನಾನು ಬಕೆಟ್ಟಿಗೆ ಸುರಿದು ನೀರು ಕೂಡಿಸಿದೆ. ಅಷ್ಟರಲ್ಲಿ ಓಣಿಯಲ್ಲಿ ಗೋಲಿ ಆಟದ ಗದ್ದಲ ಕೇಳಿತು. ಬಿಟ್ಟು ಓಡಿದೆ. ತಿರುಗಿ ಬಂದಾಗ ಬಾವಿಕಟ್ಟೆಯ ಮೇಲೆ ಎರಡು ಬಕೆಟ್ಟು ಇದ್ದವು. ಆಕಳ ಸಲುವಾಗಿ ಅವ್ವ ಶೇಂಗಾ ಹಿಂಡಿ ಕಲಸಿಟ್ಟು ಹಿಟ್ಟು ಬೀಸಿಸಲು ಇಂಡಿಯ ಗಿರಣಿಗೆ ಹೋಗಿದ್ದಳು. ನಾನು ದೊಡ್ಡ ಜಾಣನಂತೆ, ಶೇಂಗಾದ್ದು ಇದೇ ಎಂದು, ಒಂದು ಬಕೆಟ್ಟಿಗೆ ಬೂಸಾ, ಉಪ್ಪು ಹಾಕಿ ಕೆಂಪಿಯ ಮುಂದಿಟ್ಟೆ. ಕೆಂಪಿ ನಮ್ಮ ಆಕಳು, ಈದು ತಿಂಗಳೂ ಆಗಿರಲಿಲ್ಲ. ಇನ್ನೊಂದು ಬಕೆಟ್ಟನ್ನು ಗುಲಾಬಿಗೆ ಸುರಿದೆ.

ಸ್ವಲ್ಪ ಹೊತ್ತಿಗೆ ನೋಡಿದರೆ ಗುಲಾಬಿಯ ಬುಡದಲ್ಲಿ ಓಣಿಯ ಕೋಳಿಗಳೆಲ್ಲ ಸೇರಿ ಕುಕ್ಕುತ್ತಿವೆ. ಓಡಿಸಲು ಹೋಗಿ ಬಗ್ಗಿದೆ. ಹುರಿದ ಶೇಂಗಾದ ಘಮ ಮೂಗಿಗೆ ಬಡಿಯಿತು. ಕೊಟ್ಟಿಗೆಗೆ ಓಡಿದೆ. ಕೆಂಪಿಯ ಮುಂದಿನ ಬಕೆಟ್ಟಿನಲ್ಲಿ ತಳದ ಗಸಿಯಷ್ಟೇ ಉಳಿದಿತ್ತು.

ಹೇಳಬೇಕಿತ್ತು. ಹೇಳಲಿಲ್ಲ. ಅಪ್ಪನ ಕೈಯ ಏಟು ನೆನಪಾಗಿತ್ತು. ಬಕೆಟ್ಟು ತೊಳೆದಿಟ್ಟು ಕೆಂಪಿಯ ಮುಂದೆ ಕೂತೆ. ಅದು ಬಾಲ ಬೀಸಿದರೆ ಜೀವ ಬರುತ್ತಿತ್ತು, ಸುಮ್ಮನೆ ನಿಂತರೆ ಹೋಗುತ್ತಿತ್ತು. ಏನೂ ಆಗುವುದಿಲ್ಲ, ಏನೂ ಆಗುವುದಿಲ್ಲ ಎಂದು ಬಾಯಲ್ಲೇ ಅಂದುಕೊಂಡೆ. ಬಿಸಿಲು ಏರಿತು. ಕೆಂಪಿ ಮೆಲುಕು ಹಾಕುವುದನ್ನು ನಿಲ್ಲಿಸಿತು. ಕಿವಿ ಮುಟ್ಟಿ ನೋಡಿದೆ, ತಣ್ಣಗಿತ್ತು.

ಮಧ್ಯಾಹ್ನ ಅಕ್ಕ ಹೊಲದಿಂದ ಬಂದವಳೇ ಹಾಲು ಕುಡಿಸಲು ಕರುವಿನ ಹಗ್ಗಕ್ಕೆ ಕೈ ಹಾಕಿದಳು. ಆಗ ಮಾತ್ರ ನನಗೆ ತಡೆಯಲಾಗಲಿಲ್ಲ.

"ಕರು ಬಿಡಬ್ಯಾಡ ಅಕ್ಕಾ! ಕೆಂಪಿಗೆ ಔಡಲ ಹಿಂಡಿ ಕುಡಿಸೇನಿ!"

ಅಕ್ಕನ ಮುಖ ಬಿಳಿಚಿತು. ಒಂದು ಮಾತೂ ಬೈಯದೆ ಅಪ್ಪನನ್ನು ಕರೆಯಲು ಹೊಲಕ್ಕೆ ವಾಪಸು ಓಡಿದಳು. ಅಪ್ಪ ಬಂದು ಕೆಂಪಿಯನ್ನು ನೋಡಿದವನೇ ಸೈಕಲ್ ಹತ್ತಿ ಇಂಡಿಗೆ ಹೋದ. ದನದ ಡಾಕ್ಟರನ್ನು ಕರೆತರುವಷ್ಟರಲ್ಲಿ ಕೆಂಪಿ ನೆಲ ಹಿಡಿದಿತ್ತು.

"ಯಾವಾಗ ಕುಡೀತು?" ಎಂದರು ಡಾಕ್ಟರು. ಅಪ್ಪ ನನ್ನ ಕಡೆ ನೋಡಿದ.

"ಈಗರೀ... ಅಕ್ಕ ಕರು ಬಿಡಾಕ ಬರೂಕಿಂತ ಸ್ವಲ್ಪ ಮೊದಲರೀ" ಎಂದೆ. ಸುಳ್ಳು. ಅಷ್ಟು ಹೊತ್ತು ಗೊತ್ತಿದ್ದೂ ಸುಮ್ಮನಿದ್ದೆ ಎಂದು ಅಪ್ಪನಿಗೆ ತಿಳಿಯುವುದು ಬೇಡವಾಗಿತ್ತು.

"ಹಂಗಾದ್ರ ಇದ್ದಿಲು ಸಾಕು. ಮುಂಜಾನಿ ಕುಡಿದಿದ್ರ ಸಲೈನ್ ಏರಿಸಬೇಕಾಗ್ತಿತ್ತು." ಇದ್ದಿಲಿನ ಪುಡಿ ನೀರಿಗೆ ಕಲಸಿ, ಬಿದಿರಿನ ಗೊಟ್ಟದಿಂದ ಕೆಂಪಿಯ ಗಂಟಲಿಗೆ ಇಳಿಸಿದರು. ಡಾಕ್ಟರು ಚೀಲ ಸೈಕಲ್ಲಿಗೆ ಕಟ್ಟಿದರು. ಕೆಂಪಿ ಕುತ್ತಿಗೆ ನೆಲಕ್ಕೆ ಚಾಚಿ ನರಳಿತು. ನಾನು ಓಡಿಹೋಗಿ ಸೈಕಲ್ಲಿನ ಕ್ಯಾರಿಯರ್ ಹಿಡಿದೆ.

"ಮುಂಜಾನೀರಿ! ನಾ ಸುಳ್ಳು ಹೇಳೇನ್ರಿ, ಮುಂಜಾನೇನ ಕುಡಿಸೇನ್ರಿ!"

ಅಪ್ಪ ನನ್ನತ್ತ ಬಂದ. ನಾನು ಕಣ್ಣು ಮುಚ್ಚಿದೆ. ಚಡ್ಡಿ ಒದ್ದೆಯಾಯಿತು. ಇದನ್ನು ನಿಮ್ಮ ಅಜ್ಜಿಗೂ ಇದುವರೆಗೆ ಹೇಳಿಲ್ಲ. ಆ ದೊಡ್ಡ ಕೈ ನನ್ನ ಮಣಿಕಟ್ಟು ಹಿಡಿಯಿತು, ಕೊಟ್ಟಿಗೆಗೆ ಎಳೆದೊಯ್ಯಿತು, ಕಟ್ಟೆಯ ಮೇಲೆ ನಿಲ್ಲಿಸಿತು. ಡಾಕ್ಟರು ಸೂಜಿ ಚುಚ್ಚಿದ ಮೇಲೆ ಅಪ್ಪ ಸಲೈನ್ ಬಾಟಲಿಯನ್ನು ನನ್ನ ಕೈಗೆ ಕೊಟ್ಟ.

"ಮ್ಯಾಲ ಹಿಡಿ. ಕೈ ಇಳಿಸಬ್ಯಾಡ."

ಒಂದು ಬಾಟಲಿ ಮುಗಿದು ಇನ್ನೊಂದು ಬಂತು. ತೋಳು ಸೆಳೆಯುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಅಪ್ಪ ಕೆಂಪಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹೊತ್ತು ಮುಳುಗುವಾಗ ಅವನೇ ಎದ್ದು ನನ್ನ ತೋಳಿನ ಕೆಳಗೆ ತನ್ನ ಹೆಗಲು ಕೊಟ್ಟು ನಿಂತ. ಆಗ ನನಗೆ ಅಳು ಬಂತು.

ಮೂರು ದಿನ ಕೆಂಪಿ ಒದ್ದಾಡಿತು. ನಾಲ್ಕನೆಯ ದಿನ ಮೆಲುಕು ಹಾಕಿತು. ಕರುವಿಗೆ ಅಲ್ಲಿಯತನಕ ನೆರೆಮನೆಯ ಎಮ್ಮೆಯ ಹಾಲು. ಗುಲಾಬಿಗಳೇನೋ ಪಂಚಮಿಗೆ ಸೊಂಪಾಗಿ ಚಿಗುರಿದವು. ಅವಕ್ಕೇನು ಗೊತ್ತು?

ಈಗ ವಿಜಯಪುರದ ನಿಮ್ಮ ಮನೆಯ ಕುಂಡದ ಗುಲಾಬಿಗೆ ಗೊಬ್ಬರ ಬಾಟಲಿಯಲ್ಲಿ ಬರುತ್ತದೆ, ಮೇಲೆ ಎಚ್ಚರಿಕೆ ಬರೆದಿರುತ್ತದೆ. ಅದರಲ್ಲಿ ನನಗೆ ಅಂಥ ಅಚ್ಚರಿಯಿಲ್ಲ. ಅಚ್ಚರಿಯಾದದ್ದು ಮೊನ್ನೆ. ನಿಮ್ಮಲ್ಲೊಬ್ಬಳು ಅಪ್ಪನ ಮೊಬೈಲ್ ಬೀಳಿಸಿ ಗಾಜು ಒಡೆದಳು. ಒಡೆದದ್ದೇ ತಡ, ಹೋಗಿ "ಪಪ್ಪಾ, ನಾನೇ ಬೀಳಿಸಿದೆ" ಎಂದಳು. ಅವನು ಬೈದ, ಅವಳು ಅತ್ತಳು, ಐದು ನಿಮಿಷದಲ್ಲಿ ಮುಗಿಯಿತು. ಒಳಗೆ ಕೂತಿದ್ದ ನನಗೆ, ಸುಳ್ಳೇಕೆ, ಹೊಟ್ಟೆಕಿಚ್ಚಾಯಿತು. ನನ್ನ ಅಪ್ಪನೂ ಕೆಟ್ಟವನಲ್ಲ, ಅಂದು ಅವನು ಹೊಡೆಯಲೇ ಇಲ್ಲ. ಹೊಡೆಯುವುದಿಲ್ಲ ಎಂದು ಮುಂಜಾನೆಯೇ ನನಗೆ ಗೊತ್ತಿದ್ದರೆ ಕೆಂಪಿ ಅಷ್ಟು ನರಳುತ್ತಿರಲಿಲ್ಲ.